ದೊಡ್ಡ ದವಾಖಾನೆಗಿಂತ ಮೊದಲು ಹತ್ತಿರದ ದವಾಖಾನೆ

ಎದೆಯಲ್ಲಿ ನೋವು ಕಾಣಿಸಿಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಗ್ಯಾಸ್ ಆಗಿರಬೇಕು’ ಎಂಬುದು. ಅಜವಾನದ ನೀರು ಬರುತ್ತದೆ, ಸೋಡಾ ಬರುತ್ತದೆ, ಬೆನ್ನಿಗೆ ಮುಲಾಮು ತಿಕ್ಕುತ್ತಾರೆ. ಅರ್ಧ ಗಂಟೆಯಾದರೂ ನೋವು ಇಳಿಯದಿದ್ದಾಗ ಎರಡನೆಯ ಮಾತು ಬರುತ್ತದೆ: ‘ದೊಡ್ಡ ಮಗ ಬರಲಿ, ಅವನನ್ನು ಕೇಳಿ ನಿರ್ಧರಿಸೋಣ.’ ಆ ಮಗ ಹುಬ್ಬಳ್ಳಿಯ ಅಂಗಡಿಯಲ್ಲಿರುತ್ತಾನೆ, ಇಲ್ಲವೇ ದುಬೈಯಲ್ಲಿ ಕೆಲಸದ ಮೇಲಿರುತ್ತಾನೆ. ಕೊನೆಗೆ ಗಾಡಿ ಹೊರಟಾಗ ಮೂರನೆಯ ಮಾತು: ‘ಇಲ್ಲಿಯ ಸರ್ಕಾರಿ ದವಾಖಾನೆಯಲ್ಲಿ ಏನಿದೆ? ನೇರ ದೊಡ್ಡ ದವಾಖಾನೆಗೇ ಹೋಗೋಣ.’

ಈ ಮೂರು ಮಾತುಗಳ ನಡುವೆ ಎರಡು ಮೂರು ಗಂಟೆ ಕಳೆದುಹೋಗುತ್ತವೆ. ಹೃದಯಾಘಾತದಲ್ಲಿ ಆ ಎರಡು ಮೂರು ಗಂಟೆಗಳೇ ಎಲ್ಲವನ್ನೂ ನಿರ್ಧರಿಸುತ್ತವೆ. ಮಾಳಮಡ್ಡಿಯಲ್ಲಿ ವಾಸಿಸುವ ನಮಗೆ ಧಾರವಾಡದ ಸಿವಿಲ್ ದವಾಖಾನೆ ಆಟೋದಲ್ಲಿ ಹೋಗುವಷ್ಟು ಹತ್ತಿರ. ಆದರೆ ನಮ್ಮಲ್ಲಿ ಬಹುತೇಕ ಎಲ್ಲರ ಬಂಧುಗಳು ಕಲಘಟಗಿ, ಅಳ್ನಾವರ, ಕುಂದಗೋಳ, ನವಲಗುಂದ, ಅಣ್ಣಿಗೇರಿ, ಹಳಿಯಾಳದ ಕಡೆ ಹಳ್ಳಿಗಳಲ್ಲಿದ್ದಾರೆ. ಅಲ್ಲಿಂದ ಫೋನ್ ಬಂದಾಗ ನಾವು ಏನು ಸಲಹೆ ಕೊಡುತ್ತೇವೆ ಎಂಬುದರ ಮೇಲೆ ಒಂದು ಜೀವ ನಿಂತಿರಬಹುದು. ಆದ್ದರಿಂದ ಈ ತಿಂಗಳು, ದೂರದಲ್ಲಿರುವ ಹೃದಯ ತಜ್ಞರು ತಂತಿಯ ಮೂಲಕ ತಾಲ್ಲೂಕು ದವಾಖಾನೆಗೆ ಬರುವ ವ್ಯವಸ್ಥೆಯ ಕುರಿತು ತಿಳಿದುಕೊಳ್ಳೋಣ.

ಹೃದಯದಲ್ಲಿ ಆಗುವುದೇನು?

ಹೃದಯವೂ ಒಂದು ಸ್ನಾಯು. ಅದಕ್ಕೂ ರಕ್ತ ಬೇಕು. ಆ ರಕ್ತ ತರುವ ನಾಳದಲ್ಲಿ ವರ್ಷಗಳಿಂದ ಕಟ್ಟಿಕೊಂಡ ಕೊಬ್ಬಿನ ಪದರ ಒಂದು ದಿನ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಹೋಗುತ್ತದೆ. ಆ ನಾಳವನ್ನು ನಂಬಿದ್ದ ಸ್ನಾಯು ಸುಮಾರು ಅರ್ಧ ಗಂಟೆಯಲ್ಲಿ ಸಾಯಲು ಆರಂಭಿಸುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಾಯುತ್ತಾ ಹೋಗುತ್ತದೆ. ಒಮ್ಮೆ ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಬದುಕುಳಿದವರು ಕೂಡ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವುದು ಇದೇ ಕಾರಣಕ್ಕೆ.

ಮುಚ್ಚಿದ ನಾಳವನ್ನು ತೆರೆಯಲು ಎರಡು ದಾರಿಗಳಿವೆ. ಒಂದು ಆಂಜಿಯೋಪ್ಲಾಸ್ಟಿ. ಕೈ ಅಥವಾ ತೊಡೆಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಬಲೂನಿನಿಂದ ನಾಳವನ್ನು ತೆರೆದು ಸ್ಟೆಂಟ್ ಇಡುತ್ತಾರೆ. ಸಮಯಕ್ಕೆ ಸಿಕ್ಕರೆ ಇದೇ ಉತ್ತಮ. ಆದರೆ ಇದಕ್ಕೆ ಕ್ಯಾಥ್ ಲ್ಯಾಬ್ ಬೇಕು, ನುರಿತ ತಂಡ ಬೇಕು. ಅದು ದೊಡ್ಡ ಊರುಗಳಲ್ಲಿ ಮಾತ್ರ ಇದೆ. ಎರಡನೆಯದು ಹೆಪ್ಪನ್ನು ಕರಗಿಸುವ ಇಂಜೆಕ್ಷನ್. ಇದನ್ನು ಕ್ಯಾಥ್ ಲ್ಯಾಬ್ ಇಲ್ಲದ ದವಾಖಾನೆಯಲ್ಲೂ ಕೊಡಬಹುದು. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವ ಭರವಸೆ ಇಲ್ಲದಿದ್ದರೆ ಕಾಯದೆ ಇಂಜೆಕ್ಷನ್ ಕೊಡಬೇಕು ಎಂಬುದು ಜಗತ್ತಿನೆಲ್ಲೆಡೆ ಹೃದಯ ತಜ್ಞರು ಒಪ್ಪಿರುವ ನಿಯಮ. ನೋವು ಶುರುವಾದ 12 ಗಂಟೆಗಳವರೆಗೆ ಇದನ್ನು ಕೊಡಬಹುದಾದರೂ, ಮೊದಲ ಎರಡು ಮೂರು ಗಂಟೆಗಳಲ್ಲಿ ಸಿಗುವ ಲಾಭ ನಂತರ ಸಿಗುವುದಿಲ್ಲ.

ಹಾಗಿದ್ದರೆ ತಾಲ್ಲೂಕು ದವಾಖಾನೆಯಲ್ಲಿ ಮೊದಲಿನಿಂದಲೂ ಇದನ್ನು ಏಕೆ ಕೊಡುತ್ತಿರಲಿಲ್ಲ? ಎರಡು ಅಡ್ಡಿಗಳಿದ್ದವು. ಒಂದು ಬೆಲೆ. ಟೆನೆಕ್ಟೆಪ್ಲೇಸ್ ಎಂಬ ಈ ಇಂಜೆಕ್ಷನ್ ಹೊರಗೆ ಒಂದಕ್ಕೆ ಸುಮಾರು 30 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು. ಇನ್ನೊಂದು ಅನುಮಾನ. ರಾತ್ರಿ ಡ್ಯೂಟಿಯಲ್ಲಿರುವ ಯುವ ವೈದ್ಯರ ಮುಂದೆ ಇಸಿಜಿಯ ಕಾಗದ ಇರುತ್ತದೆ. ಗೆರೆಗಳು ಸ್ವಲ್ಪ ಮೇಲೆದ್ದಂತೆ ಕಾಣುತ್ತವೆ. ಇದು ನಿಜವಾಗಿ ಹೃದಯಾಘಾತವೇ? ಅಲ್ಲದಿದ್ದರೆ, ರಕ್ತವನ್ನು ತೆಳುವಾಗಿಸುವ ಇಂಥ ಬಲವಾದ ಔಷಧ ಕೊಟ್ಟು ಅಪಾಯ ತಂದಂತಾಗುತ್ತದೆ. ಪಕ್ಕದಲ್ಲಿ ಕೇಳಲು ತಜ್ಞರಿಲ್ಲ. ಆಗ ‘ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ’ ಎಂದು ಚೀಟಿ ಬರೆಯುವುದೇ ಸುರಕ್ಷಿತ ಎನಿಸುತ್ತಿತ್ತು. ಈ ಅನುಮಾನವನ್ನು ತೆಗೆಯುವುದೇ ಟೆಲಿಹೆಲ್ತ್‌ನ ಕೆಲಸ.

ತಂತಿಯ ಮೇಲೆ ಬಂದ ಹೃದಯದ ಬಡಿತ

ಇದು ಹೊಸ ಆಲೋಚನೆಯೇನಲ್ಲ. ಇಸಿಜಿ ಯಂತ್ರವನ್ನು ರೂಪಿಸಿದ ಹಾಲೆಂಡಿನ ವಿಜ್ಞಾನಿ ವಿಲ್ಲೆಮ್ ಐಂತೋವನ್ ಅವರ ಯಂತ್ರ ನೂರಾರು ಕಿಲೋ ಭಾರವಿತ್ತು. ಅದನ್ನು ದವಾಖಾನೆಗೆ ಒಯ್ಯಲಾಗದು, ರೋಗಿಯನ್ನು ಪ್ರಯೋಗಾಲಯಕ್ಕೆ ಹೊತ್ತು ತರುವುದೂ ಕಷ್ಟ. 1905ರಲ್ಲಿ ಅವರು ಲೈಡನ್ ನಗರದ ದವಾಖಾನೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ಬಡಿತವನ್ನು ತರಿಸಿಕೊಂಡರು. ರೋಗಿ ಇದ್ದಲ್ಲೇ ಇರಲಿ, ಬಡಿತದ ಗೆರೆ ಮಾತ್ರ ಪ್ರಯಾಣ ಮಾಡಲಿ ಎಂಬ ಆ ಉಪಾಯವೇ ಇಂದಿಗೂ ನಡೆಯುತ್ತಿದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಹಳೆಯ ಚರಿತ್ರೆ ಇದೆ. 2002ರಲ್ಲಿ ಇಸ್ರೋದ ಉಪಗ್ರಹ ಸಂಪರ್ಕದಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ, ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಯಿತು. ಕಾಡಂಚಿನ ಊರಿನ ರೋಗಿಯನ್ನು ಬೆಂಗಳೂರಿನ ಹೃದಯ ತಜ್ಞರು ಪರದೆಯ ಮೇಲೆ ನೋಡಿ ಸಲಹೆ ಕೊಟ್ಟರು. ಆಗ ಉಪಗ್ರಹ ಬೇಕಾಗಿತ್ತು. ಮುಂದೆ ಮೊಬೈಲೇ ಸಾಕಾಯಿತು. ಮಂಗಳೂರಿನ ಹೃದಯ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವೈದ್ಯರ ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ಹಳ್ಳಿಯ ವೈದ್ಯರು ಇಸಿಜಿಯ ಫೋಟೊ ಹಾಕುತ್ತಾರೆ, ತಜ್ಞರು ನೋಡಿ ಉತ್ತರಿಸುತ್ತಾರೆ.

ಇದರಿಂದ ಜೀವ ಉಳಿಯುತ್ತದೆಯೇ ಎಂದು ಕೇಳುವುದು ನ್ಯಾಯ. ನೆರೆಯ ತಮಿಳುನಾಡಿನಲ್ಲಿ ಸಣ್ಣ ದವಾಖಾನೆಗಳನ್ನು ದೊಡ್ಡ ದವಾಖಾನೆಗಳಿಗೆ ಜೋಡಿಸಿ, ಇಸಿಜಿಯನ್ನು ದೂರದಿಂದ ನೋಡುವ ವ್ಯವಸ್ಥೆ ಮಾಡಿ, 2,420 ಹೃದಯಾಘಾತದ ರೋಗಿಗಳನ್ನು ಅಧ್ಯಯನ ಮಾಡಿದರು. ವರದಿ 2017ರಲ್ಲಿ ಪ್ರಕಟವಾಯಿತು. ವ್ಯವಸ್ಥೆ ಬರುವ ಮೊದಲು ಒಂದು ವರ್ಷದೊಳಗೆ ತೀರಿಕೊಳ್ಳುತ್ತಿದ್ದವರು ನೂರಕ್ಕೆ 17.6. ಬಂದ ಮೇಲೆ 14.2. ಅಂದರೆ ಪ್ರತಿ ನೂರು ಮನೆಗಳಲ್ಲಿ ಮೂರಕ್ಕಿಂತ ಹೆಚ್ಚು ಮನೆಗಳಿಗೆ ತಮ್ಮವರು ಉಳಿದರು.

ನಮ್ಮ ರಾಜ್ಯದ ಹೃದಯ ಜ್ಯೋತಿ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರ ನವೆಂಬರ್‌ನಲ್ಲಿ ‘ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯನ್ನು ಆರಂಭಿಸಿತು. ಜಯದೇವ ಹೃದ್ರೋಗ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳು ಚಕ್ರದ ಗುಂಬದಂತೆ ನಡುವೆ ಇರುತ್ತವೆ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳು ಆ ಚಕ್ರದ ಅರೆಕಾಲುಗಳಂತೆ ಸುತ್ತಲೂ ಇರುತ್ತವೆ. 2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯದೆಲ್ಲೆಡೆ ಚರ್ಚೆಯಾದ ಮೇಲೆ, ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೂ ವಿಸ್ತರಿಸುವುದಾಗಿ ಸರ್ಕಾರ ಪ್ರಕಟಿಸಿತು.

ಕೆಲಸ ನಡೆಯುವ ಬಗೆ ಹೀಗೆ. ಎದೆನೋವಿನ ರೋಗಿ ಬಂದ ಕೂಡಲೇ ಇಸಿಜಿ ತೆಗೆಯುತ್ತಾರೆ. ಯಂತ್ರ ಆ ಗೆರೆಗಳನ್ನು ಇಂಟರ್ನೆಟ್ ಮೂಲಕ ಕಳುಹಿಸುತ್ತದೆ. ಕಂಪ್ಯೂಟರ್ ಮೊದಲು ಪರಿಶೀಲಿಸಿ ಅಪಾಯವಿದ್ದರೆ ಗುರುತು ಮಾಡುತ್ತದೆ, ತಜ್ಞರು ನೋಡಿ ಖಚಿತಪಡಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ತಾಲ್ಲೂಕು ವೈದ್ಯರಿಗೆ ಉತ್ತರ ಬರುತ್ತದೆ. ದೊಡ್ಡ ಹೃದಯಾಘಾತ ಎಂದು ಖಚಿತವಾದರೆ, ಬೇರೆ ತೊಂದರೆಗಳಿಲ್ಲವೆಂದು ನೋಡಿಕೊಂಡು ಟೆನೆಕ್ಟೆಪ್ಲೇಸ್ ಅನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಆಂಬ್ಯುಲೆನ್ಸ್‌ನಲ್ಲಿ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಕಲಘಟಗಿಯಿಂದ ಎಂಟು ಹತ್ತು ಕಿಲೋಮೀಟರ್ ಒಳಗಿನ ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬ ಹಿರಿಯರಿಗೆ ಎದೆನೋವು ಶುರುವಾಯಿತು ಎಂದುಕೊಳ್ಳಿ. ಕಲಘಟಗಿ ದಾಟಿ ಸುಮಾರು 30 ಕಿಲೋಮೀಟರ್ ದೂರದ ಹುಬ್ಬಳ್ಳಿಗೇ ಹೋದರೆ, ಗಾಡಿ ಹುಡುಕಿ, ದಾರಿ ಮುಗಿಸಿ, ಹೆಸರು ಬರೆಸಿ, ಇಸಿಜಿ ತೆಗೆಸುವ ಹೊತ್ತಿಗೆ ಒಂದೂವರೆ ಗಂಟೆ ಹೋಗಿರುತ್ತದೆ. ಕ್ಯಾಥ್ ಲ್ಯಾಬಿನ ತಂಡ ಸೇರಿ ನಾಳ ತೆರೆಯಲು ಇನ್ನೂ ಒಂದು ಗಂಟೆ. ಅದೇ ಗಾಡಿ ಕಲಘಟಗಿಯ ದವಾಖಾನೆಯ ಮುಂದೆ ನಿಂತು, ಅಲ್ಲಿ ಈ ಸೌಲಭ್ಯ ಇದ್ದರೆ, ಒಂದು ಗಂಟೆಯೊಳಗೆ ಇಂಜೆಕ್ಷನ್ ಆಗಬಹುದು. ಹುಬ್ಬಳ್ಳಿಗೆ ಆಮೇಲೂ ಹೋಗಲೇಬೇಕು. ಆದರೆ ಆ ದಾರಿಯುದ್ದಕ್ಕೂ ಔಷಧ ಒಳಗೆ ಕೆಲಸ ಮಾಡುತ್ತಿರುತ್ತದೆ.

ಹುಬ್ಬಳ್ಳಿ–ಧಾರವಾಡದ ಒಳಗೇ ಇರುವವರ ಲೆಕ್ಕ ಬೇರೆ. ಆಂಜಿಯೋಪ್ಲಾಸ್ಟಿ ಮಾಡುವ ಆಸ್ಪತ್ರೆ ಕಾಲು ಅಥವಾ ಅರ್ಧ ಗಂಟೆಯ ದಾರಿಯಲ್ಲಿದ್ದರೆ ನೇರ ಅಲ್ಲಿಗೇ ಹೋಗುವುದು ಸರಿ.

ಇಂಜೆಕ್ಷನ್‌ನಿಂದ ಮುಗಿಯಿತೇ?

ಮುಗಿಯಲಿಲ್ಲ. ಇಂಜೆಕ್ಷನ್ ಆದ ಮೇಲೆ ನೋವು ಇಳಿದು ರೋಗಿ ಎದ್ದು ಕುಳಿತುಕೊಳ್ಳಬಹುದು. ‘ಈಗ ಆರಾಮ ಇದ್ದಾರೆ, ಮನೆಗೆ ಕರೆದೊಯ್ಯುತ್ತೇವೆ’ ಎನ್ನುವುದು ದೊಡ್ಡ ಅಪಾಯ. ಹೆಪ್ಪು ಕರಗಿದರೂ ಒಳಗಿನ ಕೊಬ್ಬಿನ ಪದರ ಹಾಗೆಯೇ ಇರುತ್ತದೆ, ನಾಳ ಮತ್ತೆ ಮುಚ್ಚಬಹುದು. ಸಾಮಾನ್ಯವಾಗಿ 3ರಿಂದ 24 ಗಂಟೆಗಳೊಳಗೆ ಆಂಜಿಯೋಗ್ರಾಮ್ ಮಾಡಿ ನೋಡಬೇಕು. ಕೆಲವರಲ್ಲಿ ಇಂಜೆಕ್ಷನ್‌ಗೆ ಹೆಪ್ಪು ಕರಗುವುದೇ ಇಲ್ಲ. ಅವರಿಗೆ ತಕ್ಷಣ ಆಂಜಿಯೋಪ್ಲಾಸ್ಟಿ ಬೇಕು.

ಇದು ಎಲ್ಲರಿಗೂ ಕೊಡುವ ಔಷಧವೂ ಅಲ್ಲ. ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವ ಆಗುವ ಸಂಭವವಿದೆ. ಆದ್ದರಿಂದ ವೈದ್ಯರು ಕೆಲವು ಪ್ರಶ್ನೆ ಕೇಳುತ್ತಾರೆ: ಹಿಂದೆ ಪಾರ್ಶ್ವವಾಯು ಆಗಿತ್ತೇ? ಇತ್ತೀಚೆಗೆ ಆಪರೇಷನ್ ಆಗಿದೆಯೇ? ತಲೆಗೆ ಪೆಟ್ಟು ಬಿದ್ದಿತ್ತೇ? ಹೊಟ್ಟೆಯಲ್ಲಿ ರಕ್ತಸ್ರಾವ ಆಗಿತ್ತೇ? ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ? ಇವಕ್ಕೆ ಸರಿಯಾದ ಉತ್ತರ ಕೊಡಬಲ್ಲವರು ಜೊತೆಯಲ್ಲಿರಬೇಕು.

ಮೊದಲ ಇಸಿಜಿ ಸರಿಯಾಗಿದೆ ಎಂದ ಮಾತ್ರಕ್ಕೆ ಎದ್ದು ಬರಬಾರದು. ಕೆಲವು ಹೃದಯಾಘಾತಗಳು ಮೊದಲ ಇಸಿಜಿಯಲ್ಲಿ ಕಾಣುವುದಿಲ್ಲ. ನೋವು ಮುಂದುವರಿದರೆ ಮತ್ತೆ ತೆಗೆಯಬೇಕು, ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯೂ ಬೇಕಾಗಬಹುದು. ಇನ್ನೊಂದು ಮಾತು: ಟೆಲಿಹೆಲ್ತ್ ಎಂದರೆ ಮನೆಯಲ್ಲಿ ಕುಳಿತು ವಿಡಿಯೊ ಕಾಲ್ ಮಾಡುವುದು ಎಂದು ಕೆಲವರು ತಿಳಿದಿದ್ದಾರೆ. ಸಕ್ಕರೆ, ಬಿಪಿ ಗುಳಿಗೆಗಳ ಸಲಹೆಗೆ ಅದು ಸರಿ. ಎದೆನೋವಿಗೆ ಅಲ್ಲ. ಇಸಿಜಿ ಇಲ್ಲದೆ ಎಷ್ಟೇ ದೊಡ್ಡ ತಜ್ಞರಾದರೂ ಫೋನಿನಲ್ಲಿ ಖಚಿತವಾಗಿ ಹೇಳಲಾರರು.

ಯಂತ್ರಕ್ಕೆ ಸಾಧ್ಯವಾಗದ ಭಾಗ

ಇಸಿಜಿ ಬೆಂಗಳೂರಿಗೆ ಹೋಗಿ ಉತ್ತರ ಬರಲು ನಿಮಿಷಗಳು ಸಾಕು. ಆದರೆ ಮನೆಯ ಹೊಸ್ತಿಲು ದಾಟಲು ನಾವು ತೆಗೆದುಕೊಳ್ಳುವ ಎರಡು ಗಂಟೆಯನ್ನು ಯಾವ ಯಂತ್ರವೂ ಕಡಿಮೆ ಮಾಡಲಾರದು. ಅದು ನಮ್ಮ ಕೈಯಲ್ಲಿದೆ.

ಮೊದಲನೆಯದು ಲಕ್ಷಣ. ಎದೆಯ ನಡುವೆ ಭಾರ ಇಟ್ಟಂತೆ, ಹಿಂಡಿದಂತೆ ಆಗುವುದು, ಎಡಗೈ, ದವಡೆ, ಬೆನ್ನಿಗೆ ನೋವು ಹರಡುವುದು, ತಣ್ಣನೆಯ ಬೆವರು, ಉಸಿರುಗಟ್ಟುವಿಕೆ, ವಾಂತಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಎದೆನೋವೇ ಇಲ್ಲದೆ ಬರೀ ಬೆವರು, ಸುಸ್ತು, ಉಬ್ಬಸ ಕಾಣಿಸಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ನಿರ್ಧರಿಸಲು ಯಾರಿಂದಲೂ ಆಗದು. ಇಸಿಜಿ ತೆಗೆಸಿ ಗ್ಯಾಸ್ ಎಂದು ಗೊತ್ತಾದರೆ ಅಲ್‌ಹಮ್ದುಲಿಲ್ಲಾಹ್ ಎಂದು ಮನೆಗೆ ಬರೋಣ. ಅದರಲ್ಲಿ ನಾಚಿಕೆ ಏನಿದೆ?

ಎರಡನೆಯದು ನಮ್ಮ ಹೆಣ್ಣುಮಕ್ಕಳ ಮಾತು. ಅಮ್ಮಿ, ದಾದಿಯರು ನೋವನ್ನು ನುಂಗಿಕೊಳ್ಳುತ್ತಾರೆ. ಗಂಡಸರು ಕೆಲಸದಿಂದ ಬರಲಿ ಎಂದು ಕಾಯುತ್ತಾರೆ. ಇಸಿಜಿಗೆ ಎದೆಯ ಮೇಲೆ ವಯರ್ ಅಂಟಿಸುತ್ತಾರೆ ಎಂದು ತಿಳಿದು ಹಿಂಜರಿಯುತ್ತಾರೆ. ನರ್ಸ್ ಬಾಯಿಯವರೇ ತೆಗೆಯಲಿ, ಪರದೆ ಎಳೆಯಿರಿ ಎಂದು ಕೇಳುವುದು ತಪ್ಪಲ್ಲ. ವಯರ್ ಹಚ್ಚಿದ ಮೇಲೆ ದುಪಟ್ಟಾ ಹೊದಿಸಬಹುದು, ಎರಡು ನಿಮಿಷದ ಕೆಲಸ. ಆದರೆ ಆ ಹೊತ್ತಿಗೆ ಮಹಿಳಾ ಸಿಬ್ಬಂದಿ ಇಲ್ಲದಿದ್ದರೆ, ಇರುವವರಿಂದಲೇ ತೆಗೆಸಬೇಕು. ಜೀವಕ್ಕೆ ಅಪಾಯವಿರುವಾಗ ಧರ್ಮವು ಸಡಿಲಿಕೆ ಕೊಟ್ಟಿದೆ ಎಂಬುದನ್ನು ಮನೆಯ ಗಂಡಸರೇ ಮೊದಲು ಹೇಳಿ ಅವರಿಗೆ ಧೈರ್ಯ ತುಂಬಬೇಕು.

ಮೂರನೆಯದು ರಮಝಾನ್. ಹೃದಯದ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸುವುದು, ಎದೆ ಬಿಗಿದರೂ ಇಫ್ತಾರ್‌ವರೆಗೆ ತಾಳಿಕೊಳ್ಳುವುದು ನಮ್ಮಲ್ಲಿ ಉಂಟು. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ, ಅದನ್ನು ಬೇರೆ ದಿನ ಪೂರೈಸಬಹುದು. ಸತ್ತ ಸ್ನಾಯುವನ್ನು ಬೇರೆ ದಿನ ಪೂರೈಸಲಾಗದು. ರಮಝಾನ್‌ಗೆ ಒಂದು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ ಗುಳಿಗೆಗಳ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

‘ತಕ್ದೀರ್‌ನಲ್ಲಿ ಇದ್ದಂತೆ ಆಗುತ್ತದೆ’ ಎಂಬ ಮಾತೂ ಕೇಳಿಬರುತ್ತದೆ. ಒಂಟೆಯನ್ನು ಕಟ್ಟದೆ ಬಿಟ್ಟು ಅದನ್ನು ತವಕ್ಕುಲ್ ಎನ್ನುವುದನ್ನು ಪ್ರವಾದಿವರ್ಯರು(ಸ) ಒಪ್ಪಲಿಲ್ಲ ಎಂಬುದು ಮದ್ರಸಾದ ಮಕ್ಕಳಿಗೂ ಗೊತ್ತು. ಫಲ ಅಲ್ಲಾಹನ ಕೈಯಲ್ಲಿದೆ. ಗಾಡಿ ಹೊರಡಿಸುವುದು ನಮ್ಮ ಕೈಯಲ್ಲಿದೆ.

ಇಂದೇ ಮಾಡಿಟ್ಟುಕೊಳ್ಳಬಹುದಾದ ಕೆಲಸಗಳು

ಆಪತ್ತು ಬಂದ ರಾತ್ರಿ ಯೋಚಿಸಲು ಸಮಯ ಇರುವುದಿಲ್ಲ. ಆದ್ದರಿಂದ ಮನೆಯವರೆಲ್ಲ ಕುಳಿತು ಈಗಲೇ ಕೆಲವು ವಿಷಯಗಳನ್ನು ತೀರ್ಮಾನಿಸಿಕೊಳ್ಳೋಣ.

ಹಳ್ಳಿಯಲ್ಲಿರುವ ಬಂಧುಗಳಿಗೆ ಫೋನ್ ಮಾಡಿ, ತಮ್ಮ ತಾಲ್ಲೂಕು ದವಾಖಾನೆಗೆ ಹಗಲು ಹೊತ್ತು ಹೋಗಿ ಮೂರು ಪ್ರಶ್ನೆ ಕೇಳಿಬರಲು ಹೇಳಿ. ಹೃದಯ ಜ್ಯೋತಿ ಯೋಜನೆ ಇಲ್ಲಿದೆಯೇ? ರಾತ್ರಿಯೂ ಇಸಿಜಿ ತೆಗೆಯುತ್ತಾರೆಯೇ? ಹೆಪ್ಪು ಕರಗಿಸುವ ಇಂಜೆಕ್ಷನ್ ದಾಸ್ತಾನು ಇದೆಯೇ? ಇಲ್ಲ ಎಂಬ ಉತ್ತರ ಬಂದರೆ ಅದಕ್ಕಿಂತ ಮುಂದಿನ ಹತ್ತಿರದ ದವಾಖಾನೆ ಯಾವುದೆಂದು ಗೊತ್ತುಮಾಡಿಕೊಳ್ಳಲಿ. ಜೊತೆಗೆ ಜಮಾಅತ್‌ನ ಹಿರಿಯರು ಊರಿನ ಇತರ ಸಮುದಾಯದವರೊಂದಿಗೆ ಸೇರಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಮನವಿ ಕೊಡಲಿ. ಇದು ಎಲ್ಲರ ಹೃದಯದ ಪ್ರಶ್ನೆ.

ಯಾರ ಅನುಮತಿಗೂ ಕಾಯಬೇಕಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಡಿ. ಆ ಹೊತ್ತಿಗೆ ಮನೆಯಲ್ಲಿ ಸೊಸೆ ಒಬ್ಬಳೇ ಇದ್ದರೂ ಅವಳೇ ನಿರ್ಧರಿಸಿ ಹೊರಡಲಿ. ದುಬೈಯಲ್ಲಿರುವ ಮಗನಿಗೆ ದಾರಿಯಿಂದ ಫೋನ್ ಮಾಡಬಹುದು.

ಮೊದಲು 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ತಡವಾಗುತ್ತದೆ ಎಂದರೆ ಸಿಕ್ಕ ಕಾರು, ಆಟೋದಲ್ಲಿ ಹೊರಡಿ. ರೋಗಿ ತಾನೇ ಗಾಡಿ ಓಡಿಸಬಾರದು, ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ. ರಾತ್ರಿ ಯಾವ ಹೊತ್ತಿಗೂ ಗಾಡಿ ತೆಗೆಯಲು ಸಿದ್ಧರಿರುವ ಇಬ್ಬರು ಮೂವರ ನಂಬರ್ ಮಸೀದಿಯ ಫಲಕದಲ್ಲಿ ಅವರ ಒಪ್ಪಿಗೆ ಪಡೆದು ಬರೆದು ಹಾಕಬಹುದು.

ಒಂದು ಚೀಟಿಯಲ್ಲಿ ಅಬ್ಬಾ, ಅಮ್ಮಿ ತೆಗೆದುಕೊಳ್ಳುವ ಗುಳಿಗೆಗಳು, ಹಿಂದಿನ ಕಾಯಿಲೆ, ಆಪರೇಷನ್, ಅಲರ್ಜಿಗಳನ್ನು ಬರೆದು ಹಳೆಯ ಇಸಿಜಿ ಜೊತೆ ಒಂದೇ ಫೈಲಿನಲ್ಲಿಡಿ. ರೇಷನ್ ಕಾರ್ಡ್, ಆಧಾರ್ ನಕಲೂ ಅದರಲ್ಲೇ ಇರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆದರೆ ಫೈಲ್ ಸಿಗಲಿಲ್ಲವೆಂದು ನಿಲ್ಲಬೇಡಿ, ಇನ್ನೊಬ್ಬರು ಹಿಂದಿನಿಂದ ತರಬಹುದು.

ರೋಗಿ ಕುಸಿದು ಬಿದ್ದು, ಕರೆದರೆ ಮಾತನಾಡದೆ, ಸರಿಯಾಗಿ ಉಸಿರಾಡದಿದ್ದರೆ, 108ಕ್ಕೆ ಕರೆ ಮಾಡಲು ಒಬ್ಬರಿಗೆ ಹೇಳಿ, ಇನ್ನೊಬ್ಬರು ತಕ್ಷಣ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ಒತ್ತಬೇಕು. ಸುಮಾರು ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಸಹಾಯ ಬರುವವರೆಗೆ ಬಿಡದೆ. ಇದನ್ನು ಓದಿ ಕಲಿಯುವುದಕ್ಕಿಂತ ಮಾಡಿ ಕಲಿಯಬೇಕು. ಒಂದು ಜುಮಾದ ನಂತರ ಅರ್ಧ ಗಂಟೆ ವೈದ್ಯರನ್ನು ಕರೆಸಿ ಯುವಕರಿಗೆ ಕಲಿಸಬಹುದು, ಹೆಂಗಸರ ಇಜ್ತಿಮಾದಲ್ಲಿ ವೈದ್ಯೆಯೊಬ್ಬರಿಂದ ಕಲಿಸಬಹುದು.

ಬೆಂಗಳೂರಿನ ತಜ್ಞರು ಕಲಘಟಗಿ, ನವಲಗುಂದದಂತಹ ಊರುಗಳ ರೋಗಿಯ ಹೃದಯದ ಗೆರೆಯನ್ನು ಮಧ್ಯರಾತ್ರಿಯಲ್ಲೂ ನೋಡಬಲ್ಲ ಕಾಲ ಬಂದಿದೆ. ಅವರ ಮುಂದೆ ಆ ಗೆರೆ ಬರಬೇಕಾದರೆ ರೋಗಿ ಇಸಿಜಿ ಯಂತ್ರದ ಮುಂದೆ ಇರಬೇಕು. ಹಳ್ಳಿಯಿಂದ ಫೋನ್ ಬಂದು ‘ಅಬ್ಬಾಗೆ ಎದೆನೋವು, ಎಲ್ಲಿಗೆ ಕರೆತರಲಿ?’ ಎಂದು ಕೇಳಿದರೆ ‘ನಮ್ಮ ಧಾರವಾಡಕ್ಕೆ ಬನ್ನಿ’ ಎನ್ನುವ ಬದಲು, ‘ನಿಮ್ಮ ತಾಲ್ಲೂಕು ದವಾಖಾನೆಗೆ ಈಗಲೇ ಹೋಗಿ, ನಾವು ಅಲ್ಲಿಗೇ ಬರುತ್ತೇವೆ’ ಎಂದು ಹೇಳೋಣ.